ಗಂಡಿನ ವೇಷ ಹಾಕಿದ್ರೆ ಮಾತ್ರ ಟ್ರೀಟ್‌ಮೆಂಟ್: ಬರ್ನಡೀನ್ ಹೀಲಿ ಎತ್ತಿದ ತಕರಾರು ಇನ್ನೂ ಮುಗಿದಿಲ್ಲ

ಮೊದಲು ಎರಡು ನಂಬರ್ ನೋಡಿ: 27.3 ಮತ್ತೆ 15.4. 1991ರ ಜುಲೈಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಸ್ಟಡಿಯವು. ಹಾರ್ಟ್ ಅಟ್ಯಾಕ್ ಆಗಿ ದೊಡ್ಡ ಟ್ರಯಲ್ (ಔಷಧ ಪರೀಕ್ಷೆ) ಒಂದಕ್ಕೆ ಸೇರಿದ್ದ ಗಂಡಸ್ರು ಹೆಂಗಸ್ರ ಹಳೇ ದಾಖಲೆ ತೆಗೆದು, ಅಟ್ಯಾಕ್ ಆಗೋಕೆ ಮುಂಚೆ ಇವ್ರಿಗೆ ಏನೇನು ತೊಂದ್ರೆ ಇತ್ತು, ಯಾವ್ಯಾವ ಟೆಸ್ಟ್ ಆಗಿತ್ತು ಅಂತ ಹೋಲಿಸಿ ನೋಡಿದ್ರು. ಎದೆನೋವು ಗಂಡಸ್ರಿಗೆ ಎಷ್ಟಿತ್ತೋ ಹೆಂಗಸ್ರಿಗೂ ಅಷ್ಟೇ ಇತ್ತು, ಅದರಿಂದ ದಿನದ ಕೆಲಸಕ್ಕೆ ಆಗ್ತಿದ್ದ ಅಡ್ಡಿ ನೋಡಿದ್ರೆ ಹೆಂಗಸ್ರಿಗೇ ಜಾಸ್ತಿ. ಆದ್ರೆ ಹಾರ್ಟಿನೊಳಗೆ ಕ್ಯಾಥೆಟರ್ ಅನ್ನೋ ತೆಳ್ಳನೆ ಕೊಳವೆ ಹಾಕಿ ನೋಡೋ ಟೆಸ್ಟಿಗೆ ಕಳಿಸಿದ್ದು 100ರಲ್ಲಿ 27.3 ಗಂಡಸ್ರನ್ನ, 15.4 ಹೆಂಗಸ್ರನ್ನ. ಅದೇ ಸಂಚಿಕೆಯ ಇನ್ನೊಂದು ಸ್ಟಡಿ ಮ್ಯಾಸಚೂಸೆಟ್ಸ್ ಮತ್ತೆ ಮೇರಿಲ್ಯಾಂಡ್ ಆಸ್ಪತ್ರೆಗಳ ಲೆಕ್ಕ ತೆಗೆದು ಹೆಚ್ಚೂಕಮ್ಮಿ ಇದನ್ನೇ ಹೇಳ್ತು, ಬೈಪಾಸೋ ಆಂಜಿಯೋಪ್ಲಾಸ್ಟಿಯೋ ಆಗೋ ಸಾಧ್ಯತೆ ಗಂಡಸ್ರಿಗೆ ಒಂದು ರಾಜ್ಯದಲ್ಲಿ 45%, ಇನ್ನೊಂದರಲ್ಲಿ 27% ಜಾಸ್ತಿ.

ಈ ಎರಡೂ ಸ್ಟಡಿ ಜೊತೆಗೆ ಒಂದು ಚಿಕ್ಕ ಸಂಪಾದಕೀಯ ಇತ್ತು, ಬರೆದವ್ರು ಡಾಕ್ಟರ್ ಬರ್ನಡೀನ್ ಹೀಲಿ. ಹೆಡ್ಡಿಂಗು 'ಯೆಂಟಲ್ ಸಿಂಡ್ರೋಮ್'. ಯೆಂಟಲ್ ಅಂದ್ರೆ ಒಂದು ಯಹೂದಿ ಕತೆಯ ಹುಡುಗಿ, ಧರ್ಮಗ್ರಂಥ ಓದೋ ಆಸೆ, ಹೆಣ್ಣುಮಕ್ಕಳಿಗೆ ಅದು ಇಲ್ಲ ಅಂದಾಗ ಗಂಡಿನ ವೇಷ ಹಾಕ್ಕೊಂಡು ಹೋಗಿ ಓದ್ತಾಳೆ. ಹೀಲಿ ಹೇಳಿದ್ದಿಷ್ಟೇ: ಹಾರ್ಟ್ ತೊಂದ್ರೆ ಇರೋ ಹೆಂಗಸಿನ ಗತಿನೂ ಇದೇ ಆಗಿದೆ, ದೊಡ್ಡ ಅಟ್ಯಾಕ್ ಆಗಿಯೋ ನಾಳ ಬ್ಲಾಕ್ ಆಗಿರೋದು ಕಣ್ಣಿಗೆ ಕಂಡೋ ತನ್ನ ಕಾಯಿಲೆ ಗಂಡಸಿನ ಕಾಯಿಲೆ ಥರಾನೇ ಅಂತ ಸಾಬೀತಾದ ಮೇಲೆ ಮಾತ್ರ ಅವಳಿಗೆ ಗಂಡಸಿನ ಟ್ರೀಟ್‌ಮೆಂಟ್ ಸಿಗುತ್ತೆ. ಅಲ್ಲೀವರೆಗೂ ಗ್ಯಾಸು, ಟೆನ್ಷನ್ನು, ವಯಸ್ಸಿನ ಸುಸ್ತು.

ಮೂವತ್ತು ವರ್ಷದ ಮೇಲಾಯ್ತು. ಈಗ ಯಾಕಪ್ಪಾ ಇದನ್ನ ಎಳೀತಿದ್ದೀನಿ ಅಂದ್ರೆ, ಹೀಲಿ ಶುರುಮಾಡಿದ ಕೆಲಸ 2025ರಲ್ಲಿ ಎರಡು ಸಲ ಸುದ್ದಿಗೆ ಬಂತು, ಎರಡೂ ಸಲ ನನಗೆ ಅನ್ಸಿದ್ದು ಒಂದೇ, ನಾವು ಆ ತಕರಾರಿನ ಅರ್ಧ ಮಾತ್ರ ಕೇಳಿಸ್ಕೊಂಡಿದ್ದೀವಿ. 'ಹೆಂಗಸ್ರನ್ನೂ ರಿಸರ್ಚ್‌ಗೆ ಸೇರಿಸಿ' ಅನ್ನೋದು ಎಲ್ಲರಿಗೂ ಅರ್ಥ ಆಯ್ತು. ಸೇರಿಸಿದ ಮೇಲೆ ಅವರ ಲೆಕ್ಕ ಬೇರೆ ತೆಗೀಬೇಕು, ತೆಗೆದದ್ದನ್ನ ಸರಿಯಾಗಿ ಹೇಳ್ಬೇಕು, ಹೇಳಿದ್ದು ವಾರ್ಡಿನಲ್ಲಿ ಮಲಗಿರೋ ಪೇಷೆಂಟ್‌ವರೆಗೂ ತಲುಪ್ಬೇಕು, ಈ ಭಾಗ ಮಾತ್ರ ಎಲ್ಲೋ ದಾರೀಲಿ ಬಿದ್ದುಹೋಗ್ತಾ ಇದೆ.

ಹೀಲಿ ಯಾರು ಅಂತ ಸ್ವಲ್ಪ. ಹುಟ್ಟಿದ್ದು 1944, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಅಪ್ಪ ಅಮ್ಮ ಮನೆಯ ಬೇಸ್‌ಮೆಂಟಿನಲ್ಲೇ ಸೆಂಟು ಮಾರೋ ಸಣ್ಣ ವ್ಯಾಪಾರ ಇಟ್ಕೊಂಡಿದ್ರು. ಹಾರ್ವರ್ಡ್ ಮೆಡಿಕಲ್ ಸ್ಕೂಲಿನಿಂದ 1970ರಲ್ಲಿ ಡಾಕ್ಟರ್ ಆದ್ರು, 120 ಜನರ ಕ್ಲಾಸಿನಲ್ಲಿ 10 ಹುಡುಗೀರು. ಆಮೇಲೆ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕಾರ್ಡಿಯಾಲಜಿ. ಅಲ್ಲಿ ಪ್ರೊಫೆಸರ್ ಆಗಿದ್ದಾಗ ಹುಡುಗರದ್ದೇ ಒಂದು ಸ್ಟೂಡೆಂಟ್ ಕ್ಲಬ್ಬು ಇವರನ್ನ ಅಶ್ಲೀಲವಾಗಿ ಆಡ್ಕೊಂಡು ಸ್ಕಿಟ್ ಮಾಡ್ತು, ಹೋಗ್ಲಿ ಬಿಡಿ ಅನ್ನದೆ ಇವ್ರು ಕಂಪ್ಲೇಂಟ್ ಕೊಟ್ರು. ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ರಿಸರ್ಚ್ ವಿಭಾಗದ ಮುಖ್ಯಸ್ಥೆ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅಧ್ಯಕ್ಷೆ, 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಅಂದ್ರೆ ಎನ್‌ಐಎಚ್‌ನ ಮೊದಲ ಮಹಿಳಾ ಡೈರೆಕ್ಟರ್. (ಆ ಕುರ್ಚಿಗೆ ಕಾಯಂ ಆಗಿ ಎರಡನೇ ಹೆಂಗಸು ಬಂದಿದ್ದು 2023ರ ಕೊನೇಲಿ, ಮೋನಿಕಾ ಬರ್ಟಗ್ನೋಲಿ. ನಡುವಿನ ಅಂತರ ನೀವೇ ಲೆಕ್ಕ ಹಾಕಿ.) ಸುಲಭಕ್ಕೆ ಬಗ್ಗೋ ಹೆಂಗಸಲ್ಲ. ಜೀನ್ ತುಣುಕುಗಳಿಗೆ ಪೇಟೆಂಟ್ ಹಾಕೋ ವಿಷಯಕ್ಕೆ ಡಿಎನ್ಎ ಖ್ಯಾತಿಯ ಜೇಮ್ಸ್ ವಾಟ್ಸನ್ ಜೊತೆ ಜಗಳ ಆಗಿ 1992ರಲ್ಲಿ ವಾಟ್ಸನ್ ಬಿಟ್ಟು ಹೋದ್ರು. ಆಮೇಲೆ ರೆಡ್‌ಕ್ರಾಸ್ ಮುಖ್ಯಸ್ಥೆಯಾಗಿದ್ದಾಗ 2001ರ ಸೆಪ್ಟೆಂಬರ್ ದಾಳಿಯ ಪರಿಹಾರದ ದುಡ್ಡಿನ ಗಲಾಟೇಲಿ ಅಲ್ಲಿಂದಲೂ ಹೊರಬಿದ್ರು. ಎಲ್ಲದ್ರಲ್ಲೂ ಅವ್ರೇ ಸರಿ ಅಂತಾನೂ ಅಲ್ಲ, 2008ರಲ್ಲಿ ವ್ಯಾಕ್ಸಿನ್‌ಗೂ ಆಟಿಸಂಗೂ ಸಂಬಂಧ ಇರಬಹುದು, ಆ ಪ್ರಶ್ನೆನ ತಳ್ಳಿಹಾಕ್ಬೇಡಿ ಅಂತ ಟೀವೀಲಿ ಹೇಳಿದ್ರು, ಆಗ್ಲೇ ದೊಡ್ಡ ದೊಡ್ಡ ಸ್ಟಡಿಗಳು ಸಂಬಂಧ ಇಲ್ಲ ಅಂತ ತೋರಿಸಾಗಿತ್ತು. ಒಂದು ವಿಷಯದಲ್ಲಿ ದಾರಿ ತೋರಿಸಿದವ್ರು ಇನ್ನೊಂದ್ರಲ್ಲಿ ದಾರಿ ತಪ್ಪಬಹುದು, ಅದನ್ನ ಮುಚ್ಚಿಟ್ಟು ಹೊಗಳೋದು ನನಗೆ ಸರಿಬರಲ್ಲ. 2011ರಲ್ಲಿ ಬ್ರೈನ್ ಟ್ಯೂಮರ್‌ನಿಂದ ತೀರ್ಕೊಂಡ್ರು.

ಇನ್ನು ಅಸಲಿ ಪ್ರಶ್ನೆ, ಹೆಂಗಸ್ರನ್ನ ರಿಸರ್ಚಿನಿಂದ ಹೊರಗಿಟ್ಟಿದ್ದು ಯಾಕೆ? ಯಾರೋ ಕೂತು ಷಡ್ಯಂತ್ರ ಮಾಡಿದ್ದಲ್ಲ, ಹೊರಗಿಟ್ಟಿದ್ದೇ ಕಾಪಾಡೋ ಹೆಸರಲ್ಲಿ. ಥ್ಯಾಲಿಡೊಮೈಡ್ ಕತೆ ಗೊತ್ತಿರುತ್ತೆ, 1950ರ ದಶಕದ ಕೊನೇಲಿ ಬಸುರಿಯರ ವಾಂತಿಗೆ ಅಂತ ಕೊಟ್ಟ ಮಾತ್ರೆಯಿಂದ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೀದೆ ಹುಟ್ಟಿದ್ರು. ಅಮೆರಿಕಕ್ಕೆ ಅದು ಮಾರಾಟಕ್ಕೆ ಬರದಂಗೆ ತಡೆದವ್ರು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎದಲ್ಲಿದ್ದ ಡಾಕ್ಟರ್ ಫ್ರಾನ್ಸಿಸ್ ಕೆಲ್ಸಿ, ಆಕೆ ಕೇಳಿದ್ದು 'ಸರಿಯಾದ ಡೇಟಾ ಎಲ್ಲಿದೆ, ತೋರಿಸಿ' ಅಂತ. ಆದ್ರೆ ವ್ಯವಸ್ಥೆ ಈ ಅನಾಹುತದಿಂದ ಕಲ್ತ ಪಾಠ ಉಲ್ಟಾ. 1977ರಲ್ಲಿ ಎಫ್‌ಡಿಎ ಗೈಡ್‌ಲೈನ್ ಬಂತು, ಮಕ್ಕಳಾಗೋ ವಯಸ್ಸಿನ ಹೆಂಗಸ್ರನ್ನ ಹೊಸ ಔಷಧಗಳ ಶುರುವಿನ ಹಂತದ ಟ್ರಯಲ್‌ಗೆ ಸೇರಿಸ್ಬೇಡಿ ಅಂತ. ಬಸುರಿಯಾಗೋ ಯೋಚ್ನೆ ಇದ್ಯಾ ಇಲ್ವಾ, ಗಂಡಸಿನ ಸಂಪರ್ಕ ಇದ್ಯಾ ಇಲ್ವಾ, ಯಾವುದೂ ಲೆಕ್ಕಕ್ಕಿಲ್ಲ. ಟ್ರಯಲ್‌ನಿಂದ ಹೊರಗಿಟ್ರು ಸರಿ, ಟ್ರಯಲ್ ಮುಗಿದು ಔಷಧ ಅಂಗಡಿಗೆ ಬಂದ್ಮೇಲೆ ನುಂಗೋರು ಯಾರು? ಅದೇ ಹೆಂಗಸ್ರು. ಕೆಲವರ ಮೇಲೆ ಎಚ್ಚರಿಕೆಯಿಂದ ಮಾಡ್ಬೇಕಿದ್ದ ಪರೀಕ್ಷೆ ಲಕ್ಷಾಂತರ ಜನರ ಮೇಲೆ ಯಾರೂ ಬರ್ಕೊಳ್ದೇ ನಡೀತು.

ಇನ್ನೊಂದು ಕಾರಣ ಬರೀ ಅನುಕೂಲದ್ದು. ತಿಂಗಳ ಮುಟ್ಟಿನ ಜೊತೆ ಹಾರ್ಮೋನ್ ಏರಿಳಿಯುತ್ತೆ, ಡೇಟಾ ಗೋಜಲಾಗುತ್ತೆ, ಗಂಡಸ್ರನ್ನ ತಗೊಂಡ್ರೆ ಕ್ಲೀನು. ಜೊತೆಗೆ ಹಾರ್ಟ್ ಅಟ್ಯಾಕ್ ಅಂದ್ರೆ ಗಂಡಸಿನ ಕಾಯಿಲೆ ಅನ್ನೋ ನಂಬಿಕೆ ಬೇರೆ. ಹಾರ್ಟಿನ ಅಪಾಯ ಕಮ್ಮಿ ಮಾಡೋದು ಹೇಗೆ ಅಂತ ನೋಡಿದ ಮಿಸ್ಟರ್ ಫಿಟ್ ಅನ್ನೋ ಟ್ರಯಲ್‌ನಲ್ಲಿ 12,866 ಜನ, ಎಲ್ಲರೂ ಗಂಡಸ್ರು, ಹೆಸರಲ್ಲೇ ಇದ್ಯಲ್ಲ. ಆಸ್ಪಿರಿನ್ ಹಾರ್ಟ್ ಅಟ್ಯಾಕ್ ತಡೆಯುತ್ತಾ ಅಂತ ನೋಡಿದ ಫಿಸಿಷಿಯನ್ಸ್ ಹೆಲ್ತ್ ಸ್ಟಡೀಲಿ 22,071 ಡಾಕ್ಟ್ರು, ಅದ್ರಲ್ಲೂ ಒಬ್ಬ ಲೇಡಿ ಡಾಕ್ಟರ್ ಇಲ್ಲ.

ಎಲ್ಲಕ್ಕಿಂತ ನನಗೆ ನಗು ಬರಿಸಿದ್ದು ಇದು. ಮುಟ್ಟು ನಿಲ್ಲೋ ಮುಂಚೆ ಹೆಂಗಸ್ರಿಗೆ ಹಾರ್ಟ್ ಅಟ್ಯಾಕ್ ಕಮ್ಮಿ, ಹಾಗಾದ್ರೆ ಈಸ್ಟ್ರೋಜೆನ್ ಹಾರ್ಟನ್ನ ಕಾಪಾಡ್ತಿರಬೇಕು ಅಂತ ಒಂದು ಊಹೆ. ಹೆಣ್ಣಿನ ಹಾರ್ಮೋನು, ಹೆಣ್ಣಿನ ಹಾರ್ಟು. ದೊಡ್ಡ ಮಟ್ಟದಲ್ಲಿ ಟೆಸ್ಟ್ ಮಾಡಿದ್ದು ಯಾರ ಮೇಲೆ? 1960ರ ದಶಕದಲ್ಲಿ ಶುರುವಾದ ಕೊರೊನರಿ ಡ್ರಗ್ ಪ್ರಾಜೆಕ್ಟ್‌ನಲ್ಲಿ ಒಟ್ಟು 8,341 ಗಂಡಸ್ರು, ಅವರಲ್ಲಿ ಎರಡು ಗುಂಪಿಗೆ ಈಸ್ಟ್ರೋಜೆನ್ ಕೊಟ್ರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಇಲ್ಲಿ ಎಮ್ಮೆಯ ಔಷಧಿಗೆ ಎತ್ತಿನ ಮೇಲೆ ಪರೀಕ್ಷೆ. ಪಾಪ ಆ ಗಂಡಸ್ರಿಗೆ ಒಳ್ಳೇದೂ ಆಗ್ಲಿಲ್ಲ, ತೊಂದ್ರೆ ಕಂಡು ಎರಡೂ ಗುಂಪಿನ ಮಾತ್ರೆ ಅರ್ಧಕ್ಕೇ ನಿಲ್ಲಿಸ್ಬೇಕಾಯ್ತು.

ಗಂಡಸ್ರ ಮೇಲೆ ನೋಡಿದ್ದನ್ನ ಹೆಂಗಸ್ರಿಗೆ ಅನ್ವಯಿಸಿದ್ರೆ ಏನ್ ಮಹಾ ವ್ಯತ್ಯಾಸ ಆಗುತ್ತೆ, ರಕ್ತ ರಕ್ತಾನೇ ಅಲ್ವಾ ಅಂತ ಕೇಳೋರಿಗೆ ಆಸ್ಪಿರಿನ್ ಕತೇನೇ ಉತ್ತರ. ಆ 22,071 ಗಂಡಸ್ರಲ್ಲಿ ಆಸ್ಪಿರಿನ್ ಮೊದಲ ಹಾರ್ಟ್ ಅಟ್ಯಾಕನ್ನ 44% ಇಳಿಸ್ತು. ಡಾಕ್ಟ್ರು ಹೆಂಗಸ್ರಿಗೂ ಅದನ್ನೇ ಹೇಳ್ತಾ ಬಂದ್ರು. 39,876 ಹೆಂಗಸ್ರನ್ನ ಹತ್ತು ವರ್ಷ ನೋಡಿದ ವಿಮೆನ್ಸ್ ಹೆಲ್ತ್ ಸ್ಟಡಿ ರಿಸಲ್ಟ್ ಬಂದಿದ್ದು 2005ರಲ್ಲಿ. ಹಾರ್ಟ್ ಅಟ್ಯಾಕ್ ಒಟ್ಟಾರೆ ಕಮ್ಮಿ ಆಗ್ಲಿಲ್ಲ, ಕಮ್ಮಿ ಆಗಿದ್ದು ಸ್ಟ್ರೋಕು, 17%. ಡೋಸೂ ಒಂದೇ ಇರ್ಲಿಲ್ಲ, ಹಾಗಾಗಿ ನೇರವಾಗಿ ಪಕ್ಕಪಕ್ಕ ಇಟ್ಟು ನೋಡೋದು ಕಷ್ಟ, ಆದ್ರೂ ಗಂಡಸ್ರ ರಿಸಲ್ಟನ್ನ ಹಂಗೇ ಎತ್ತಿ ಹೆಂಗಸ್ರ ಚೀಟಿ ಮೇಲೆ ಬರೆಯೋದು ಸರಿಯಲ್ಲ ಅಂತ ಗೊತ್ತಾಗೋಕೆ ಇಷ್ಟು ಸಾಕು.

ಈ ಜಾಗಕ್ಕೇ ಹೀಲಿ ಬಂದಿದ್ದು. ಒಬ್ರೇ ಬಂದ್ರು ಅಂತಲ್ಲ, ಅವ್ರು ಬರೋಕೆ ಮುಂಚೆನೇ ನೆಲ ಹದ ಆಗಿತ್ತು. 1986ರಿಂದ್ಲೇ ಎನ್‌ಐಎಚ್‌ನಲ್ಲಿ 'ಹೆಂಗಸ್ರನ್ನೂ ಸೇರಿಸಿ' ಅನ್ನೋ ನೀತಿ ಕಾಗದದ ಮೇಲಿತ್ತು, ಪಾಲನೆ ಆಗ್ತಿಲ್ಲ ಅಂತ ಸರ್ಕಾರಿ ಲೆಕ್ಕಪರಿಶೋಧಕರು 1990ರಲ್ಲಿ ಸಂಸತ್ತಿನ ಮುಂದೆ ಹೇಳಿದ್ರು, ಪ್ಯಾಟ್ರಿಷಿಯಾ ಶ್ರೋಡರ್, ಒಲಿಂಪಿಯಾ ಸ್ನೋ, ಬಾರ್ಬರಾ ಮಿಕುಲ್ಸ್ಕಿ ಥರದ ಮಹಿಳಾ ಸದಸ್ಯರು ಇದನ್ನ ಹಿಡ್ಕೊಂಡು ಬಿಡ್ಲಿಲ್ಲ, ಆ ವರ್ಷಾನೇ ಮಹಿಳಾ ಆರೋಗ್ಯ ಸಂಶೋಧನೆಗೆ ಬೇರೆ ಆಫೀಸು ಶುರುವಾಯ್ತು. 1991ರಲ್ಲಿ ಅದರ ಮೊದಲ ಪೂರ್ಣಾವಧಿ ಡೈರೆಕ್ಟರ್ ಆದವ್ರು ಡಾಕ್ಟರ್ ವಿವಿಯನ್ ಪಿನ್, ವರ್ಜೀನಿಯಾ ಯೂನಿವರ್ಸಿಟಿಯ 1967ರ ಮೆಡಿಕಲ್ ಬ್ಯಾಚಿನಲ್ಲಿ ಒಬ್ಬರೇ ಹೆಂಗಸು, ಒಬ್ಬರೇ ಕಪ್ಪು ವರ್ಣೀಯರು, ಎರಡೂ ಅವ್ರೇ. ಹೀಲಿ ಮಾಡಿದ್ದು ಬೀಗದ ಕೈ ತಿರುಗಿಸೋ ಕೆಲಸ. ಕಾಯಿಲೆ ಗಂಡು ಹೆಣ್ಣು ಇಬ್ಬರಿಗೂ ಬರೋದಾದ್ರೆ ಟ್ರಯಲ್‌ನಲ್ಲಿ ಇಬ್ಬರೂ ಇರ್ಬೇಕು, ಇಲ್ಲಾಂದ್ರೆ ಎನ್‌ಐಎಚ್ ದುಡ್ಡಿಲ್ಲ. ನೀತಿ ಅನ್ನೋದು ಉಪದೇಶ ಆಗಿದ್ದಾಗ ಯಾರೂ ಕೇಳ್ಲಿಲ್ಲ, ಗ್ರಾಂಟಿಗೆ ಗಂಟು ಹಾಕಿದ ತಕ್ಷಣ ಎಲ್ಲರ ಕಿವಿನೂ ನೆಟ್ಟಗಾಯ್ತು. 1993ರಲ್ಲಿ ಅದು ಕಾನೂನೇ ಆಯ್ತು, ಅದೇ ವರ್ಷ ಎಫ್‌ಡಿಎನೂ 1977ರ ಗೈಡ್‌ಲೈನ್ ವಾಪಸ್ ತಗೊಳ್ತು.

ಜೊತೆಗೆ 1991ರಲ್ಲೇ ಹೀಲಿ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅನ್ನೋ ದೊಡ್ಡ ಸ್ಟಡಿ ಘೋಷಣೆ ಮಾಡಿದ್ರು. ಆಗಿನ ಅಂದಾಜು 62.5 ಕೋಟಿ ಡಾಲರ್, 40 ಕೇಂದ್ರ, 50ರಿಂದ 79 ವಯಸ್ಸಿನ 1,61,808 ಹೆಂಗಸ್ರು, 1993ರಿಂದ 1998ರವರೆಗೆ ಸೇರಿಸ್ಕೊಂಡ್ರು. ಹಾರ್ಟು, ಸ್ತನ ಕ್ಯಾನ್ಸರ್, ಕರುಳಿನ ಕ್ಯಾನ್ಸರ್, ಮೂಳೆ ಮುರಿತ, ಇವೆಲ್ಲಾ ಒಟ್ಟಿಗೆ. ಮುಟ್ಟು ನಿಂತ ಹೆಂಗಸನ್ನ ಅಲ್ಲೀವರೆಗೂ ಇಷ್ಟು ದೊಡ್ಡದಾಗಿ ಯಾರೂ ವಿಚಾರಿಸ್ಕೊಂಡಿರ್ಲಿಲ್ಲ.

ಇಲ್ಲಿಂದ ಕತೆ ಸಿಕ್ಕು. ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ಅರ್ಧ ಜಗತ್ತು ಇದನ್ನ ಅವಸರದಲ್ಲಿ ಓದಿಯೇ ಎಡವಿದ್ದು.

1990ರ ದಶಕದಲ್ಲಿ ಮುಟ್ಟು ನಿಂತವರಿಗೆ ಹಾರ್ಮೋನ್ ಮಾತ್ರೆ ಕೊಡೋದು ಮಾಮೂಲಾಗಿತ್ತು, ಮೈ ಬೆವರಿ ಬಿಸಿಯೇರೋದಕ್ಕೆ ಮಾತ್ರ ಅಲ್ಲ, ಹಾರ್ಟ್ ಗಟ್ಟಿ ಇರ್ಲಿ ಅಂತಾನೂ. ಇನಿಷಿಯೇಟಿವ್‌ನ ಒಂದು ಟ್ರಯಲ್‌ನಲ್ಲಿ 16,608 ಹೆಂಗಸ್ರಿಗೆ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್ ಸೇರಿದ ಮಾತ್ರೆ ಅಥವಾ ಅದರ ಥರಾನೇ ಕಾಣೋ ಖಾಲಿ ಮಾತ್ರೆ. ಎಂಟೂವರೆ ವರ್ಷ ನಡೀಬೇಕಿತ್ತು. 2002ರ ಜುಲೈಲಿ, ಸರಾಸರಿ 5.2 ವರ್ಷಕ್ಕೇ, ನಿಲ್ಲಿಸಿಬಿಟ್ರು, ಲಾಭಕ್ಕಿಂತ ಅಪಾಯ ಜಾಸ್ತಿ ಅಂತ. ಪೇಪರು ಟೀವಿ ತುಂಬಾ ಒಂದೇ ಸುದ್ದಿ: ಸ್ತನ ಕ್ಯಾನ್ಸರ್ 26% ಜಾಸ್ತಿ! ಮಾತ್ರೆ ಡಬ್ಬಿಗಳು ಕಸದ ಬುಟ್ಟಿಗೆ ಹೋದ್ವು, ಡಾಕ್ಟ್ರು ಬರ್ಕೊಡೋದು ನಿಲ್ಲಿಸಿದ್ರು, ಮುಂದೆ ಒಂದಿಡೀ ತಲೆಮಾರಿನ ಡಾಕ್ಟರ್‌ಗಳು ಹಾರ್ಮೋನ್ ಅಂದ್ರೆ ಹೆದರ್ಕೊಂಡೇ ಬೆಳೆದ್ರು.

ಆ 26% ಅಂದ್ರೆ ಎಷ್ಟು ಜನ? ಖಾಲಿ ಮಾತ್ರೆ ತಗೊಂಡ 10,000 ಹೆಂಗಸ್ರಲ್ಲಿ ಒಂದು ವರ್ಷಕ್ಕೆ ಸ್ತನ ಕ್ಯಾನ್ಸರ್ ಆಗಿದ್ದು 30 ಜನಕ್ಕೆ, ಹಾರ್ಮೋನ್ ತಗೊಂಡ 10,000ದಲ್ಲಿ 38. ಹೆಚ್ಚಿಗೆ 8. ಹಾರ್ಟಿನ ತೊಂದ್ರೆ 30 ಇದ್ದಿದ್ದು 37 ಆಯ್ತು, ಸ್ಟ್ರೋಕ್ 21ರಿಂದ 29ಕ್ಕೆ, ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಕೂರೋದು 8ರಿಂದ 16ಕ್ಕೆ. ಇನ್ನೊಂದು ಕಡೆ ಕರುಳಿನ ಕ್ಯಾನ್ಸರ್ 16ರಿಂದ 10ಕ್ಕೆ, ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ ಇಳೀತು. ಆ 8 ಜನ ಲೆಕ್ಕಕ್ಕಿಲ್ಲ ಅಂತ ನಾನು ಹೇಳ್ತಿಲ್ಲ, ಆರೋಗ್ಯವಾಗಿರೋ ಕೋಟ್ಯಂತರ ಜನಕ್ಕೆ 'ಹಾರ್ಟ್ ಕಾಪಾಡುತ್ತೆ' ಅಂತ ಕೊಡೋ ಮಾತ್ರೆ ಹಾರ್ಟಿಗೇ ಕಾಟ ಕೊಟ್ರೆ ಅದನ್ನ ನಿಲ್ಲಿಸ್ಲೇಬೇಕು. ಹೀಲಿ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರಾನೇ ಸಿಕ್ತು, ದಶಕಗಳ ನಂಬಿಕೆ ಸುಳ್ಳಾಯ್ತು. ಎಡವಟ್ಟಾಗಿದ್ದು ಆ ಉತ್ತರನ ಬೇರೆ ಪ್ರಶ್ನೆಗೆ ಅಂಟಿಸಿದಾಗ.

ಈ ಟ್ರಯಲ್‌ಗೆ ಸೇರಿದವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಆಗಿದ್ದೋರೇ ಬಹಳ ಜನ. ಹಾರ್ಟಿಗೆ ಒಳ್ಳೇದಾ ಅಂತ ನೋಡ್ಬೇಕಾದ್ರೆ ಹಾರ್ಟ್ ತೊಂದ್ರೆ ಬರೋ ವಯಸ್ಸಿನವ್ರೇ ಬೇಕು, ಅದರಲ್ಲಿ ತಪ್ಪಿಲ್ಲ. ಆದ್ರೆ ರಾತ್ರಿ ಎರಡು ಗಂಟೆಗೆ ಬೆವೆತು ಎದ್ದು ಕೂತು, ಹಾಸಿಗೆ ಬಟ್ಟೆ ಬದಲಾಯಿಸಿ, ಮತ್ತೆ ನಿದ್ದೆ ಬರದೆ ಬೆಳಿಗ್ಗೆ ಕೆಲಸಕ್ಕೆ ಓಡೋ 51 ವರ್ಷದ ಹೆಂಗಸು ಕೇಳ್ತಿರೋ ಪ್ರಶ್ನೆ ಅದಲ್ಲ. ಆಕೆ ಕೇಳ್ತಿರೋದು ಈ ಕಾಟಕ್ಕೆ ಕೆಲವು ವರ್ಷ ಮಾತ್ರೆ ತಗೊಬಹುದಾ ಅಂತ. ಆಕೆಗೂ 63ರವರ ಸರಾಸರಿನೇ ಉತ್ತರ ಅಂತ ಕೊಟ್ಟು ಕಳಿಸಿದ್ರು. ವಯಸ್ಸಿನ ಪ್ರಕಾರ ಬಿಡಿಸಿ ನೋಡಿದ ಲೆಕ್ಕ 2007ರಲ್ಲಿ ಬಂತು, ಮುಟ್ಟು ನಿಂತು ಹತ್ತು ವರ್ಷದೊಳಗೆ ಇರೋರಲ್ಲಿ ಹಾರ್ಟಿನ ಅಪಾಯ ಹಂಗೆ ಏರಿರ್ಲಿಲ್ಲ, ಇಪ್ಪತ್ತು ವರ್ಷ ದಾಟಿದವರಲ್ಲಿ ಏರಿತ್ತು. ಗರ್ಭಕೋಶ ತೆಗೆಸಿದ್ದ 10,739 ಹೆಂಗಸ್ರ ಮೇಲೆ ಬರೀ ಈಸ್ಟ್ರೋಜೆನ್ ಮಾತ್ರೆಯನ್ನ ನೋಡ್ತಿದ್ದ ಇನ್ನೊಂದು ಟ್ರಯಲ್‌ನಲ್ಲಿ ಸ್ಟ್ರೋಕ್ ಏನೋ ಜಾಸ್ತಿ ಆಯ್ತು, ಆದ್ರೆ ಸ್ತನ ಕ್ಯಾನ್ಸರ್ ಏರ್ಲೇ ಇಲ್ಲ, ಕಮ್ಮಿನೇ ಇತ್ತು. ಇದೆಲ್ಲಾ ಯಾವ ಪೇಪರಿನ ಮುಖಪುಟಕ್ಕೂ ಆ 26%ನಷ್ಟು ದೊಡ್ಡ ಅಕ್ಷರದಲ್ಲಿ ಬರ್ಲಿಲ್ಲ, ತಿದ್ದುಪಡಿ ಯಾವತ್ತಿದ್ರೂ ಒಳಪುಟಕ್ಕೇ.

2025ರ ನವೆಂಬರ್‌ನಲ್ಲಿ ಎಫ್‌ಡಿಎ ಹಾರ್ಮೋನ್ ಔಷಧಗಳ ಜೊತೆ ಬರೋ ಮಾಹಿತಿ ಚೀಟೀಲಿದ್ದ ಕಪ್ಪು ಚೌಕದ ಎಚ್ಚರಿಕೆಯಲ್ಲಿ ಹಾರ್ಟು, ಸ್ತನ ಕ್ಯಾನ್ಸರ್, ಮರೆಗುಳಿತನದ ಮಾತುಗಳನ್ನ ತೆಗೀತೀವಿ ಅಂತ ಹೇಳ್ತು. ಯೋನಿಗೆ ಹಚ್ಚೋ ಕಡಿಮೆ ಡೋಸಿನ ಕ್ರೀಮ್ ಮೇಲೂ ಅದೇ ಹೆದರಿಸೋ ಚೌಕ ಇತ್ತು ಅನ್ನೋದು ನೋಡಿದ್ರೆ, ತೆಗೆದಿದ್ದು ಸರಿ. ಆದ್ರೆ ಈಗ ಲೋಲಕ ಇನ್ನೊಂದು ಕಡೆ ಓಡೋದು ಕಾಣ್ತಿದೆ, ಹಾರ್ಮೋನ್ ತಗೊಂಡ್ರೆ ಹಾರ್ಟೂ ಮೆದುಳೂ ಎಲ್ಲಾ ಸೂಪರ್ ಅಂತ ಹೇಳೋರು ಶುರುವಾಗಿದ್ದಾರೆ. ಅದೇ 1990ರ ಮಾತು, ಹೊಸ ಪ್ಯಾಕೆಟ್. 2002ರಲ್ಲಿ ಎಲ್ಲಾ ಹೆಂಗಸ್ರೂ ಒಂದೇ ಅಂತ ಹೆದರಿಸಿದ್ರು, ಈಗ ಎಲ್ಲಾ ಹೆಂಗಸ್ರೂ ಒಂದೇ ಅಂತ ಸಮಾಧಾನ ಹೇಳ್ತಿದ್ದಾರೆ.

ಹಾರ್ಟಿನ ವಿಷಯಕ್ಕೇ ವಾಪಸ್ ಬರೋಣ. ಯೆಂಟಲ್ ಈಗ ವೇಷ ಕಳಚಿದ್ದಾಳಾ? ಸ್ವಲ್ಪ. ಹೆಂಗಸ್ರ ಅಟ್ಯಾಕ್ ಬೇರೆ ಥರಾನೇ ಇರುತ್ತೆ, ಎದೆನೋವೇ ಬರಲ್ಲ ಅಂತ ಒಂದು ಫಾರ್ವರ್ಡ್ ಓಡಾಡುತ್ತೆ, ಅದನ್ನ ನಂಬ್ಬೇಡಿ, ಹೆಂಗಸ್ರಲ್ಲೂ ಎದೆನೋವೇ ಹೆಚ್ಚು ಕಾಣೋ ಲಕ್ಷಣ. ಅದರ ಜೊತೆ ಉಸಿರು ಕಟ್ಟೋದು, ವಾಕರಿಕೆ, ದವಡೆ ನೋವು, ಬೆನ್ನು ನೋವು, ವಿಪರೀತ ಸುಸ್ತು ಗಂಡಸ್ರಿಗಿಂತ ಜಾಸ್ತಿ ಸೇರ್ಕೊಳ್ಳುತ್ತೆ, ಹೇಳೋಕೆ ಶುರುಮಾಡಿದಾಗ ಎದೆನೋವು ಪಟ್ಟಿಯಲ್ಲಿ ನಾಲ್ಕನೇದಾಗಿರುತ್ತೆ, ಅಷ್ಟೊತ್ತಿಗೆ ಎದುರಿಗಿರೋರು 'ಗ್ಯಾಸ್ ಇರ್ಬೇಕು' ಅಂತ ತೀರ್ಮಾನ ಮಾಡಾಗಿರುತ್ತೆ. ಇನ್ನು ಆಂಜಿಯೋಗ್ರಾಮ್ ಮಾಡಿದ್ರೂ ದೊಡ್ಡ ನಾಳದಲ್ಲಿ ಬ್ಲಾಕ್ ಕಾಣದೇ ಇರೋ ಅಟ್ಯಾಕ್‌ಗಳು ಹೆಂಗಸ್ರಲ್ಲಿ ಜಾಸ್ತಿ, ಸಣ್ಣ ಸಣ್ಣ ರಕ್ತನಾಳಗಳ ತೊಂದ್ರೆ ಇರಬಹುದು, ಇಲ್ಲಾ ನಾಳದ ಗೋಡೆ ತಾನೇ ಸೀಳ್ಕೊಂಡಿರಬಹುದು. ಈ ಸೀಳೋ ಕಾಯಿಲೆ ಬರೋರಲ್ಲಿ ಹತ್ತಕ್ಕೆ ಒಂಬತ್ತು ಜನದಷ್ಟು ಹೆಂಗಸ್ರೇ, ಅದೂ ಎಷ್ಟೋ ಸಲ ಸಣ್ಣ ವಯಸ್ಸಿನವರು, ಬಾಣಂತಿಯರು. 'ಬ್ಲಾಕ್ ಇಲ್ಲಮ್ಮ, ಆರಾಮಾಗಿ ಮನೆಗೆ ಹೋಗಿ' ಅನ್ನೋ ವಾಕ್ಯದ ಹಿಂದೆ ಏನೆಲ್ಲಾ ಉಳ್ಕೊಂಡಿರುತ್ತೆ ನೋಡಿ.

ರಕ್ತದ ಟೆಸ್ಟೇ ತಗೊಳ್ಳಿ. ಹಾರ್ಟಿನ ಸ್ನಾಯುಗೆ ಏಟು ಬಿದ್ರೆ ಟ್ರೋಪೋನಿನ್ ಅನ್ನೋದು ರಕ್ತಕ್ಕೆ ಸೋರುತ್ತೆ. ಆರೋಗ್ಯವಂತ ಹೆಂಗಸ್ರ ರಕ್ತದಲ್ಲಿ ಅದು ಗಂಡಸ್ರಿಗಿಂತ ಕಮ್ಮಿನೇ ಇರುತ್ತೆ. ಸೂಕ್ಷ್ಮವಾಗಿ ಅಳೆಯೋ ಒಂದು ಟೆಸ್ಟಿನಲ್ಲಿ ಗಂಡಸ್ರಿಗೆ ಮಿತಿ ಲೀಟರಿಗೆ 34 ನ್ಯಾನೋಗ್ರಾಂ, ಹೆಂಗಸ್ರಿಗೆ 16. ಎಲ್ಲರಿಗೂ ಒಂದೇ ಮಿತಿ ಇಟ್ರೆ 20 ಬಂದ ಹೆಂಗಸಿನ ರಿಪೋರ್ಟು 'ನಾರ್ಮಲ್'. ಎಡಿನ್‌ಬರೋದಲ್ಲಿ ಬೇರೆ ಬೇರೆ ಮಿತಿ ಇಟ್ಟು ನೋಡಿದಾಗ ಹೆಂಗಸ್ರಲ್ಲಿ ಹಾರ್ಟ್ ಅಟ್ಯಾಕ್ ಪತ್ತೆ 11%ನಿಂದ 22%ಗೆ ಏರ್ತು, ಗಂಡಸ್ರಲ್ಲಿ 19 ಇದ್ದಿದ್ದು 21 ಆಯ್ತು ಅಷ್ಟೇ. ಇದು 2015ರ ಸುದ್ದಿ. ಸರಿ, ಸಮಸ್ಯೆ ಬಗೆಹರೀತು ಅಂದ್ಕೊಂಡು ಸ್ಕಾಟ್ಲೆಂಡಿನ 10 ಆಸ್ಪತ್ರೆಗಳ 48,282 ಪೇಷೆಂಟುಗಳ ಮೇಲೆ ದೊಡ್ಡದಾಗಿ ನೋಡಿದ್ರು. ಹೊಸ ಮಿತಿಯಿಂದ ಹೆಚ್ಚು ಹೆಂಗಸ್ರು ಪತ್ತೆಯೇನೋ ಆದ್ರು, ಆದ್ರೆ ಪತ್ತೆಯಾದವರಿಗೆ ಸ್ಟೆಂಟು ಬೈಪಾಸು ಆಗಿದ್ದು ಗಂಡಸ್ರಿಗೆ ಆಗಿದ್ದರ ಸುಮಾರು ಅರ್ಧ. ದೇವರು ಕೊಟ್ರೂ ಪೂಜಾರಿ ಕೊಡ್ಬೇಕಲ್ಲ. ಲ್ಯಾಬು ಹೇಳ್ತು, ವಾರ್ಡ್ ಕೇಳಿಸ್ಕೊಳ್ಲಿಲ್ಲ. 1991ರ ಆ 27.3 ಮತ್ತೆ 15.4 ಇಲ್ಲಿ ಬೇರೆ ಬಟ್ಟೆ ಹಾಕ್ಕೊಂಡು ನಿಂತಿವೆ. ಎಲ್ಲಾನೂ ತಾರತಮ್ಯ ಅಂತ ಹೇಳೋಕಾಗಲ್ಲ, ಹೆಂಗಸ್ರಲ್ಲಿ ಬ್ಲಾಕ್ ಇಲ್ಲದ ಏಟು ಜಾಸ್ತಿ, ಅವಕ್ಕೆ ಸ್ಟೆಂಟ್ ಬೇಡ. ಆದ್ರೆ ಅವಕ್ಕೆ ಏನು ಬೇಕು ಅನ್ನೋ ರಿಸರ್ಚೂ ಹಿಂದೆ ಬಿದ್ದಿದೆ, ಹಾಗಾಗಿ ಸುತ್ತಿ ಬಳಸಿ ಅಲ್ಲಿಗೇ ಬರ್ತೀವಿ.

ಔಷಧದ ಡೋಸ್ ಕತೆನೂ ಇಂಥದ್ದೇ, ಒಂದೇ ಉದಾಹರಣೆ ಹೇಳಿ ಮುಂದೆ ಹೋಗ್ತೀನಿ. ಜೋಲ್ಪಿಡೆಮ್ ಅನ್ನೋ ನಿದ್ದೆ ಮಾತ್ರೆಗೆ ಅಮೆರಿಕದಲ್ಲಿ 1992ರಲ್ಲಿ ಒಪ್ಪಿಗೆ ಸಿಕ್ತು. ಹೆಂಗಸ್ರ ಮೈಯಿಂದ ಅದು ನಿಧಾನಕ್ಕೆ ಹೋಗುತ್ತೆ, ಬೆಳಿಗ್ಗೆ ಕಾರ್ ಓಡಿಸೋವಾಗ್ಲೂ ಮಂಪರು ಉಳಿದಿರಬಹುದು ಅಂತ ಡೋಸನ್ನ 10ರಿಂದ 5 ಮಿಲಿಗ್ರಾಂಗೆ ಇಳಿಸಿದ್ದು 2013ರಲ್ಲಿ. ಇಪ್ಪತ್ತು ವರ್ಷ ಹೆಂಗಸ್ರು ಡಬಲ್ ಡೋಸ್ ನುಂಗ್ತಾ ಇದ್ರು.

ಇನ್ನು ಡಾಕ್ಟರ್ ಕುರ್ಚೀಲಿ ಯಾರು ಕೂತಿದ್ದಾರೆ ಅನ್ನೋದು. ಇದನ್ನ ಬರೀ ಉದ್ಯೋಗದ ಸಮಾನತೆ ವಿಷಯ ಅಂತ ಬೇರೆ ಕಪಾಟಿಗೆ ಹಾಕ್ತಾರೆ, ಹೀಲಿ ಕತೆ ನೋಡಿದ್ರೆ ಅದು ಹಾಗಲ್ಲ ಅನ್ಸುತ್ತೆ. ಫ್ಲೋರಿಡಾದ ಎಮರ್ಜೆನ್ಸಿಗಳಿಗೆ 1991ರಿಂದ 2010ರವರೆಗೆ ಹಾರ್ಟ್ ಅಟ್ಯಾಕ್ ಅಂತ ಬಂದ 5,80,000ಕ್ಕೂ ಹೆಚ್ಚು ಪೇಷೆಂಟುಗಳ ದಾಖಲೆ ನೋಡಿದ ಒಂದು ಸ್ಟಡಿ 2018ರಲ್ಲಿ ಬಂತು. ಗಂಡು ಡಾಕ್ಟರ್ ನೋಡಿದ ಹೆಂಗಸ್ರಲ್ಲಿ ಸಾವು ಜಾಸ್ತಿ ಇತ್ತು. ಈ ಥರದ ದಾಖಲೆ ಸ್ಟಡಿಯಿಂದ ಕಾರಣ ಇದೇ ಅಂತ ಕೈ ತೋರಿಸೋಕಾಗಲ್ಲ, ಆದ್ರೆ ಅದರಲ್ಲಿ ಇನ್ನೊಂದು ಸಣ್ಣ ವಿಷಯ ಇದೆ, ಜೊತೇಲಿ ಲೇಡಿ ಡಾಕ್ಟರ್‌ಗಳು ಜಾಸ್ತಿ ಇರೋ ಕಡೆ ಗಂಡು ಡಾಕ್ಟರ್‌ಗಳ ಹೆಂಗಸು ಪೇಷೆಂಟುಗಳೂ ಹೆಚ್ಚು ಬದುಕಿದ್ರು. ನನಗೆ ಇದೇ ಮುಖ್ಯ. ಅಂದ್ರೆ ಇದು ಕಲಿಯೋಕಾಗೋ ವಿಷಯ, ಪಕ್ಕದಲ್ಲಿ ಕೂತೋರಿಂದ.

ಅಮೆರಿಕದ ಮೆಡಿಕಲ್ ಕಾಲೇಜುಗಳಲ್ಲಿ 2019ರಿಂದ ಹುಡುಗೀರೇ ಅರ್ಧಕ್ಕಿಂತ ಜಾಸ್ತಿ. ಆದ್ರೆ ಕಾರ್ಡಿಯಾಲಜಿಸ್ಟ್‌ಗಳಲ್ಲಿ ಹೆಂಗಸ್ರು ಇನ್ನೂ 100ಕ್ಕೆ 15ರ ಆಸುಪಾಸು, ಕ್ಯಾಥೆಟರ್ ಹಿಡಿಯೋ ವಿಭಾಗಕ್ಕೆ ಬಂದ್ರೆ ಇನ್ನೂ ಕಮ್ಮಿ. ಹುಡುಗೀರಿಗೆ ಆಸಕ್ತಿ ಇಲ್ಲ ಅಂತ ಸುಲಭಕ್ಕೆ ಹೇಳಿಬಿಡ್ತಾರೆ. ಕ್ಯಾಥೆಟರ್ ಹಾಕೋ ಕ್ಯಾಥ್ ಲ್ಯಾಬಿನಲ್ಲಿ ಎಕ್ಸ್‌ರೇ ತಡೆಯೋಕೆ ಹಾಕ್ಕೊಳ್ಳೋ ಸೀಸದ ಏಪ್ರನ್ ನೋಡಿದ್ದೀರಾ? ಭಾರ ಒಂದು ಕಡೆ ಇರ್ಲಿ, ತೋಳಿನ ಕೆಳಗೆ, ಎದೆಯ ಪಕ್ಕಕ್ಕೆ ಬರೋ ಕಡೆ ದೊಡ್ಡ ಖಾಲಿ ಜಾಗ ಬಿಟ್ಟಿರುತ್ತೆ. ಗಂಡಸಿನ ಅಳತೆಗೆ ಹೊಲಿದಿದ್ದು, ಸ್ತನದ ಹೊರಭಾಗಕ್ಕೆ ರಕ್ಷಣೆ ಇಲ್ಲ. ಟ್ರೈನಿಂಗ್ ವರ್ಷಗಳೂ ಮಕ್ಕಳು ಹೆರೋ ವರ್ಷಗಳೂ ಒಟ್ಟೊಟ್ಟಿಗೆ ಬರುತ್ವೆ, ರೇಡಿಯೇಷನ್ ಭಯ ಬೇರೆ, ಬಸುರಿ ಅಂತ ಹೇಳೋಕೇ ಹಿಂಜರಿಯೋ ವಾತಾವರಣ. ಇದೆಲ್ಲಾ ಇಟ್ಕೊಂಡು ಆಸಕ್ತಿ ಅಂತೆ.

ಅಳತೆ ವಿಷಯ ಬಂತಲ್ಲ, ಸಿಪಿಆರ್, ಅಂದ್ರೆ ಹಾರ್ಟ್ ನಿಂತೋರ ಎದೆ ಒತ್ತಿ ಉಳಿಸೋದು ಕಲಿಸೋ ಬೊಂಬೆನೂ ಹಂಗೇ, ಬಹುಪಾಲು ಚಪ್ಪಟೆ ಎದೆಯ ಗಂಡಿನ ಬೊಂಬೆ. 2018ರಲ್ಲಿ ಬಂದ, 19,331 ಪ್ರಕರಣ ನೋಡಿದ ಒಂದು ಸ್ಟಡಿ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಹಾರ್ಟ್ ನಿಂತು ಬಿದ್ದ ಗಂಡಸ್ರಲ್ಲಿ 45% ಜನಕ್ಕೆ ದಾರಿಹೋಕರು ಎದೆ ಒತ್ತಿದ್ರು, ಹೆಂಗಸ್ರಲ್ಲಿ 39%. ಮನೇಲಿ ಬಿದ್ದಾಗ ಈ ವ್ಯತ್ಯಾಸ ಹೆಚ್ಚೂಕಮ್ಮಿ ಇಲ್ಲ. ಅಂದ್ರೆ ಗೊತ್ತಿಲ್ಲದ ಹೆಂಗಸಿನ ಎದೆ ಮೇಲೆ ಕೈ ಇಡೋಕೆ ಜನ ಹಿಂಜರೀತಿರಬೇಕು ಅಂತ ಊಹೆ. ಇದು ಡಾಕ್ಟ್ರ ತಪ್ಪೂ ಅಲ್ಲ ನೋಡಿ, ನಮ್ಮ ನಿಮ್ಮ ಕೈ.

ಶುರುವಿನಲ್ಲಿ ಹೇಳಿದ ಎರಡು ಸುದ್ದೀಲಿ 2025ರ ಏಪ್ರಿಲ್ ವಿಷಯ ಹೇಳೋದು ಬಾಕಿ ಇತ್ತು. ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್‌ನ ಪ್ರಾದೇಶಿಕ ಕೇಂದ್ರಗಳ ಗುತ್ತಿಗೆ ಸೆಪ್ಟೆಂಬರ್‌ಗೆ ಮುಗಿಸ್ತೀವಿ ಅಂತ ಅಮೆರಿಕ ಸರ್ಕಾರ ಹೇಳ್ತು, ಖರ್ಚು ಕಡಿತ ಅಂತ. ಗಲಾಟೆ ಆಯ್ತು, ಕೆಲವೇ ದಿನದಲ್ಲಿ ವಾಪಸ್ ತಗೊಂಡ್ರು. 1998ರಲ್ಲಿ 50 ವಯಸ್ಸಿಗೆ ಸೇರಿದ್ದವರಿಗೇ ಆಗ 77, ದೊಡ್ಡವರು ನೂರು ದಾಟಿದ್ದಾರೆ, ಇಷ್ಟು ಮುದುಕಿಯರನ್ನ ಇಷ್ಟು ವರ್ಷ ಹಿಂಬಾಲಿಸಿದ ದಾಖಲೆ ಇನ್ನೆಲ್ಲೂ ಸಿಗಲ್ಲ, ಎಂಬತ್ತು ತೊಂಬತ್ತರಲ್ಲಿ ಹೆಣ್ಣಿನ ಹಾರ್ಟು, ಮೂಳೆ, ನೆನಪಿನ ಶಕ್ತಿ ಹೇಗಿರುತ್ತೆ ಅಂತ ತಿಳೀಬೇಕಾದ್ರೆ ಅವರನ್ನೇ ಕೇಳ್ಬೇಕು. ಹೀಲಿ ಇಲ್ಲ, ಮಾತ್ರೆಗಳನ್ನ ನಿಲ್ಲಿಸಿ ಇಪ್ಪತ್ತು ವರ್ಷದ ಮೇಲಾಯ್ತು. ಬದುಕಿರೋರ ಮನೆಗೆ ವರ್ಷಕ್ಕೊಂದು ಸಲ ಪ್ರಶ್ನೆಗಳ ಫಾರಂ ಬರುತ್ತೆ, ಕನ್ನಡಕ ಹಾಕ್ಕೊಂಡು ತುಂಬಿ ವಾಪಸ್ ಕಳಿಸ್ತಾರೆ.